ಡ್ರಾಯಿಂಗ್ ಮೇಷ್ಟ್ರ ಸುಳ್ಳು ಫೋಟೋ

ಡ್ರಾಯಿಂಗ್ ಮೇಷ್ಟ್ರು ತೀರಿಕೊಂಡರು ಎಂದು ಹನೂರು ಬಸ್ಸಿನ ಕಂಡಕ್ಟರ್ ಮನೆ ಬಾಗಿಲಿಗೆ ಬಂದು ಹೇಳಿದಾಗ ನಾನು ಮೊದಲಿಗೆ ನಂಬಲಿಲ್ಲ. ನಿನಗೆ ಯಾರು ಹೇಳಿದರು, ನೀನು ಕಣ್ಣಾರೆ ಕಂಡೆಯಾ, ಹನೂರಿನಲ್ಲಿ ಇನ್ನೊಬ್ಬ ಡ್ರಾಯಿಂಗ್ ಮೇಷ್ಟ್ರು ಇಲ್ಲವೆಂದು ಹೇಗೆ ಗೊತ್ತು ಎಂದು ಆ ಬಡಪಾಯಿಯನ್ನು ನಿಲ್ಲಿಸಿಕೊಂಡು ಒಂದೊಂದಾಗಿ ಕೇಳಿದೆ. ಅವನು ಬಸ್ಸು ನಿಲ್ಲಿಸಿ ಬಂದಿದ್ದ, ಒಳಗೊಳಗೇ ಬೈದುಕೊಂಡು ಹೋಗಿರಬೇಕು. ಅವನು ಬೀದಿ ತಿರುಗಿದ ಮೇಲೆ ನನಗೆ ಹೊಳೆಯಿತು, ಹೀಗೆ ಕೇಳುವ ಚಾಳಿಯನ್ನು ನನಗೆ ಅಂಟಿಸಿದವರು ಆ ಮೇಷ್ಟ್ರೇ. ಆಗ ನಂಬಿದೆ.

ಆ ವಾರದಲ್ಲೇ ನಮ್ಮ ಹೈಸ್ಕೂಲಿನ ಈಗಿನ ಹೆಡ್ಮಾಸ್ಟರು ಹೇಳಿಕಳಿಸಿದರು. ಸಂತಾಪ ಸಭೆ ಮಾಡಬೇಕು, ಮೇಜಿನ ಮೇಲೆ ಇಟ್ಟು ಹಾರ ಹಾಕುವುದಕ್ಕೆ ಒಂದು ಫೋಟೋ ಬೇಕು, ಸ್ಕೂಲಿನ ಗುಂಪು ಫೋಟೋಗಳನ್ನೆಲ್ಲ ತಿರುವಿ ಹಾಕಿದರೂ ಅವರು ಒಂದರಲ್ಲೂ ಇಲ್ಲ, ಇಷ್ಟು ವರ್ಷ ಕೆಲಸ ಮಾಡಿದವರು ಒಂದರಲ್ಲಾದರೂ ಇರಬೇಡವೇ ಎಂದರು. ಅವರ ದನಿಯಲ್ಲಿ ಅನುಮಾನವಿತ್ತು. ಒಂದೇ ಒಂದು ಇದೆ ಸಾರ್, ಯಳಂದೂರಿನಲ್ಲಿ ನನ್ನ ತಂಗಿಯ ಮನೆಯಲ್ಲಿದೆ, ಆದರೆ ಅದು ಸುಳ್ಳು ಫೋಟೋ ಎಂದೆ. ಹಾಗಂದರೆ ಬೇರೆಯವರದೇ ಎಂದು ಕೇಳಿದರು. ಅವರದೇ, ಆದರೂ ಸುಳ್ಳು ಎಂದೆ. ಹೆಡ್ಮಾಸ್ಟರು ತರಿಸಿಕೊಡಿ ಎಂದಷ್ಟೇ ಹೇಳಿ ಕಳಿಸಿದರು.

ಡ್ರಾಯಿಂಗ್ ಮೇಷ್ಟ್ರು ನನ್ನ ಭುಜಕ್ಕೆ ಬರುತ್ತಿದ್ದ ಆಳು. ಬಿಳಿ ಪಂಚೆ, ಮಸುಕಾದ ಕಂದು ಕೋಟು, ಕೋಟಿನ ಮೇಲುಜೇಬಿನಲ್ಲಿ ಉದ್ದಕ್ಕೆ ಚೂಪಾಗಿ ಕೆತ್ತಿದ ಒಂದು ಪೆನ್ಸಿಲ್ಲು. ಹೊಸಬರು ಯಾರೇ ಎದುರಾಗಲಿ, ನಮಸ್ಕಾರ ಹೇಳುವುದಕ್ಕೆ ಮುಂಚೆ ಬಲಗಣ್ಣು ಮುಚ್ಚಿ, ಪೆನ್ಸಿಲ್ಲು ಹಿಡಿದ ಕೈಯನ್ನು ನೀಟಾಗಿ ಮುಂದೆ ಚಾಚಿ, ಹೆಬ್ಬೆರಳನ್ನು ಪೆನ್ಸಿಲ್ಲಿನ ಮೇಲೆ ಜಾರಿಸಿ ಅವರ ಅಳತೆ ತೆಗೆಯುತ್ತಿದ್ದರು. ಆಮೇಲೆ ನಮಸ್ಕಾರ. ಹುಡುಗರು ಅವರನ್ನು ಒಂಟಿಕಣ್ಣು ಮೇಷ್ಟ್ರು ಎನ್ನುತ್ತಿದ್ದರು. ನಾನು ಲೆಕ್ಕದ ಮೇಷ್ಟ್ರಾಗಿ ಕೆಲಸಕ್ಕೆ ಸೇರಿದ ದಿನ ನನಗೂ ಅದೇ ಮರ್ಯಾದೆ ಸಿಕ್ಕಿತು. ಅರ್ಜಿಯಲ್ಲಿ ನಿಮ್ಮ ಎತ್ತರ ಏನು ಬರೆದಿದ್ದೀರಿ ಎಂದು ಕೇಳಿದರು. ಹೇಳಿದೆ. "ಪಾಕ್ಕಲಾಂ" ಎಂದು ಹೇಳಿ ಹೊರಟುಹೋದರು.

ಪಾಕ್ಕಲಾಂ ಎಂದರೆ ತಮಿಳಿನಲ್ಲಿ ನೋಡೋಣ ಎಂದು. ಅವರು ಹನೂರಿನವರು, ಆದರೆ ಓದಿದ್ದು ಸೇಲಂ ಕಡೆ, ಡ್ರಾಯಿಂಗ್ ಪರೀಕ್ಷೆ ಪಾಸು ಮಾಡಿದ್ದು ಮದರಾಸಿನಲ್ಲಿ. ಮನೆಯಲ್ಲೂ ಸ್ಕೂಲಿನಲ್ಲೂ ನಮ್ಮ ಕನ್ನಡವನ್ನೇ ಆಡುತ್ತಿದ್ದರು, ಈ ಒಂದು ಮಾತು ಮಾತ್ರ ಅಲ್ಲಿಂದ ಅಂಟಿಕೊಂಡು ಬಂದಿತ್ತು. ನಾಳೆ ರಜೆಯಂತೆ ಎಂದರೆ ಪಾಕ್ಕಲಾಂ. ಕಾವೇರಿ ತುಂಬಿದೆಯಂತೆ ಎಂದರೂ ಪಾಕ್ಕಲಾಂ. ಹೆಡ್ಮಾಸ್ಟರಿಗೆ ಗಂಡು ಮಗುವಾಯಿತು ಎಂದು ಜವಾನ ಸಕ್ಕರೆ ಹಂಚಿದಾಗಲೂ ಸಕ್ಕರೆ ಬಾಯಿಗೆ ಹಾಕಿಕೊಂಡು ಅದನ್ನೇ ಹೇಳಿದ್ದರು.

ಈ ಬುದ್ಧಿ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ ಎಂದು ನನ್ನ ನಂಬಿಕೆ. ಐವತ್ತಾರರಲ್ಲಿ ಕೊಳ್ಳೇಗಾಲ ಮದರಾಸು ಬಿಟ್ಟು ಮೈಸೂರಿಗೆ ಸೇರಿತಲ್ಲ, ಆಗ ಹೊಸ ಕಚೇರಿಯವರು ಅವರ ಮದರಾಸು ಸರ್ಟಿಫಿಕೇಟನ್ನು ತಿರುಗಿಸಿ ಮುರುಗಿಸಿ ನೋಡಿದರಂತೆ. ಇಂಥ ಪರೀಕ್ಷೆ ಇದೆಯೇ, ರುಜು ಹಾಕಿದವರು ಯಾರು ಎಂದೆಲ್ಲ ಕೇಳಿ, ಕೊನೆಗೆ ಅದಕ್ಕೆ ಅಂಟಿಸಿದ್ದ ಫೋಟೋ ನೋಡಿ, ಇದು ನೀವೇ ಎನ್ನುವುದಕ್ಕೆ ಏನು ಸಾಕ್ಷಿ ಎಂದರಂತೆ. ಫೋಟೋದಲ್ಲಿ ಹದಿನೆಂಟರ ಹುಡುಗ, ಎದುರಿಗೆ ನಿಂತವರಿಗೆ ತಲೆ ಅರ್ಧ ನರೆತಿತ್ತು. ಹೇಗೋ ಕೆಲಸ ಉಳಿಯಿತು. ಆದರೆ ಅಂದಿನಿಂದ ಅವರು ಕ್ಯಾಮೆರಾದ ಮುಂದೆ ನಿಲ್ಲಲಿಲ್ಲ. ವರ್ಷಾವರ್ಷ ಸ್ಕೂಲಿನ ಗುಂಪು ಫೋಟೋ ತೆಗೆಯುವಾಗ ನಾವೆಲ್ಲ ಕೋಟಿನ ಗುಂಡಿ ಹಾಕಿಕೊಂಡು ಬಿಸಿಲಿನಲ್ಲಿ ಕಣ್ಣು ಕಿವುಚಿ ಕೂತಿದ್ದರೆ, ಅವರು ಎದುರುಗಡೆ ಫೋಟೋದವನ ಮಗ್ಗುಲಲ್ಲಿ ನಿಂತು ನಮ್ಮನ್ನೇ ಅಳೆಯುತ್ತಿದ್ದರು.

ಅವರ ವಿದ್ಯೆ ಊರಿಗೆ ತಿಳಿದದ್ದು ಒಂದು ಬಾಳೆಗೊನೆಯಿಂದ. ಬಸ್‌ ಸ್ಟ್ಯಾಂಡಿನ ಕಾಫಿ ಹೋಟೆಲಿನಲ್ಲಿ ರಾಮಾಪುರದ ಒಬ್ಬ ಸಾಹುಕಾರರ ಫೋಟೋ ತೂಗುಹಾಕಿದ್ದರು. ಸಾಹುಕಾರರ ಪಕ್ಕದಲ್ಲಿ ಅವರ ತೋಟದ ಬಾಳೆಗೊನೆ. ಗೊನೆ ಅವರಷ್ಟೇ ಉದ್ದ, ಅವರಿಗಿಂತ ದಪ್ಪ. ನೋಡಿದವರೆಲ್ಲ ಬಾಯಿ ಬಿಡುತ್ತಿದ್ದರು. ಮೇಷ್ಟ್ರು ಕಾಫಿ ಕುಡಿಯುತ್ತ ಅದನ್ನು ಬಹಳ ಹೊತ್ತು ನೋಡಿ, ಎದ್ದು ಹತ್ತಿರ ಹೋಗಿ, ಗೊನೆಯ ನೆರಳು ಎಲ್ಲಿ ಬಿದ್ದಿದೆ ನೋಡಿ ಎಂದರು. ಸಾಹುಕಾರರ ನೆರಳು ಅವರ ಕಾಲಬುಡದಲ್ಲಿತ್ತು. ಗೊನೆಯ ನೆರಳು ಕ್ಯಾಮೆರಾದ ಕಡೆಗೆ ಎರಡು ಮಾರು ಮುಂದೆ ಬಿದ್ದಿತ್ತು. ಗೊನೆಯನ್ನು ಕ್ಯಾಮೆರಾದ ಮೂಗಿನ ಹತ್ತಿರ ಹಗ್ಗದಲ್ಲಿ ಇಳಿಬಿಟ್ಟು ಸಾಹುಕಾರರನ್ನು ಹಿಂದೆ ನಿಲ್ಲಿಸಿದ್ದರು. ಹತ್ತಿರದ್ದು ದೊಡ್ಡದಾಗಿ ಕಾಣುತ್ತದೆ, ದೂರದ್ದು ಚಿಕ್ಕದಾಗಿ ಕಾಣುತ್ತದೆ, ಇದರಲ್ಲಿ ಬೇಸಾಯ ಏನು ಬಂತು ಎಂದರು ಮೇಷ್ಟ್ರು. ಫೋಟೋ ಕೆಳಗಿಳಿಯಿತು. ಆಮೇಲೆ ಹೋಟೆಲಿನವನು ಎಲ್ಲರಿಗೂ ಲೋಟ ಇಡುತ್ತಿದ್ದ, ಮೇಷ್ಟ್ರಿಗೆ ಮಾತ್ರ ಕುಕ್ಕುತ್ತಿದ್ದ.

ಅಷ್ಟಕ್ಕೇ ನಿಂತಿದ್ದರೆ ನನಗೂ ಅವರಿಗೂ ಜಗಳ ಆಗುತ್ತಿರಲಿಲ್ಲ. ನಮ್ಮ ಕಡೆ ಆಗ ಹೊಸದಾಗಿ ಶುರುವಾಗಿದ್ದ ಒಂದು ಪದ್ಧತಿಯಿಂದ ಎಲ್ಲ ಕೆಟ್ಟಿತು. ಹೆಣ್ಣು ನೋಡುವುದಕ್ಕೆ ಬಂದವರು ಒಪ್ಪದೆ ಹೋದರೆ ಹುಡುಗಿಗೆ ಕೆಟ್ಟ ಹೆಸರು ಬರುತ್ತದೆ, ಆದ್ದರಿಂದ ಮೊದಲು ಫೋಟೋ ಕಳಿಸಿ, ಅದು ಹಿಡಿಸಿದರೆ ಮಾತ್ರ ಬನ್ನಿ ಎನ್ನುವುದು. ಕೊಳ್ಳೇಗಾಲದಲ್ಲಿ ಇದ್ದದ್ದು ಒಂದೇ ಒಳ್ಳೆಯ ಸ್ಟುಡಿಯೋ. ಅಲ್ಲಿ ತೆಗೆದ ಹೆಣ್ಣುಮಕ್ಕಳ ಫೋಟೋಗಳೆಲ್ಲ ಒಂದೇ ಥರ. ಹಿಂದೆ ಅರಮನೆಯ ಮೆಟ್ಟಿಲು ಬರೆದ ಪರದೆ, ನೆಲಕ್ಕೆ ಪಟ್ಟೆ ಜಮಖಾನ, ಬೆತ್ತದ ಹೆಣಿಗೆಯ ಒಂದು ಕುರ್ಚಿ, ಕುರ್ಚಿಯ ಬೆನ್ನಿನ ಎರಡು ತುದಿಗೂ ಕಡೆದ ಮರದ ಗುಂಡು, ಆ ಗುಂಡಿನ ಮೇಲೆ ಕೈ ಇಟ್ಟು ಹುಡುಗಿ ನಿಲ್ಲಬೇಕು. ಮುಖ ಕಾಣುತ್ತಿತ್ತು, ಸೀರೆ ಕಾಣುತ್ತಿತ್ತು. ಎತ್ತರ ಮಾತ್ರ ಯಾರಿಗೂ ತಿಳಿಯುತ್ತಿರಲಿಲ್ಲ.

ಗಂಡಿನ ಕಡೆಯವರು ಫೋಟೋ ಹಿಡಿದುಕೊಂಡು ಮೇಷ್ಟ್ರ ಮನೆಗೆ ಬರತೊಡಗಿದರು. ಮೇಷ್ಟ್ರು ಯಾರ ಹೆಸರನ್ನೂ ಕೇಳುತ್ತಿರಲಿಲ್ಲ, ಎಲೆಯಡಿಕೆ ಬಿಟ್ಟು ಏನನ್ನೂ ಮುಟ್ಟುತ್ತಿರಲಿಲ್ಲ. ಫೋಟೋವನ್ನು ಡ್ರಾಯಿಂಗ್ ಹಲಗೆಗೆ ಪಿನ್ನು ಚುಚ್ಚಿ ಕೂರಿಸಿ, ಅದರ ಮೇಲೆ ಗೆರೆ ಎಳೆದರೆ ಹಾಳಾಗುತ್ತದೆಂದು ರೇಷ್ಮೆ ದಾರ ಎಳೆಯುತ್ತಿದ್ದರು. ಕೊಳ್ಳೇಗಾಲದಲ್ಲಿ ರೇಷ್ಮೆ ದಾರಕ್ಕೇನು ಬರ. ಜಮಖಾನದ ಪಟ್ಟೆಗಳ ಗುಂಟ ಎರಡು ದಾರ ಎಳೆದರೆ ಅವು ಮೇಲೆ ಎಲ್ಲೋ ಒಂದು ಕಡೆ ಕೂಡುತ್ತವೆ. ಆ ಜಾಗದಲ್ಲಿ ಅಡ್ಡಲಾಗಿ ಮೂರನೆಯ ದಾರ. ಇದು ಕ್ಯಾಮೆರಾದ ಕಣ್ಣಿನ ಮಟ್ಟ ಎನ್ನುತ್ತಿದ್ದರು. ಕುರ್ಚಿಯ ಕಾಲಿನಿಂದ ಈ ದಾರದವರೆಗೆ ಎಷ್ಟು ಎತ್ತರವೋ, ಹುಡುಗಿಯ ಪಾದದಿಂದ ದಾರದವರೆಗೂ ನಿಜದಲ್ಲಿ ಅಷ್ಟೇ ಎತ್ತರ, ಅವಳು ಮುಂದೆ ನಿಂತಿರಲಿ ಹಿಂದೆ ನಿಂತಿರಲಿ. ಕುರ್ಚಿ ಮೂರೂವರೆ ಅಡಿ ಎಂಬುದು ಗೊತ್ತು, ಅವರೇ ಒಮ್ಮೆ ಸ್ಟುಡಿಯೋಗೆ ಹೋಗಿ ಅಳೆದು ಬಂದಿದ್ದರು. ಇನ್ನು ಉಳಿದದ್ದು ತ್ರೈರಾಶಿ. ಲೆಕ್ಕದ ಮೇಷ್ಟ್ರಾದ ನಾನು ಎಷ್ಟೋ ಸಲ ಆ ಲೆಕ್ಕವನ್ನು ಪರೀಕ್ಷಿಸಿದ್ದೇನೆ, ಒಂದು ಕೂದಲು ತಪ್ಪಿರಲಿಲ್ಲ. ಪರದೆಯ ಮೇಲಿನ ಅರಮನೆ ಮೆಟ್ಟಿಲನ್ನು ಕಂಡರೆ ಮಾತ್ರ ಅವರಿಗೆ ಆಗುತ್ತಿರಲಿಲ್ಲ. ಅದರ ಗೆರೆಗಳು ಬೇರೆಲ್ಲೋ ಹೋಗಿ ಕೂಡುತ್ತಿದ್ದವು. ಒಂದೇ ಫೋಟೋಕ್ಕೆ ಎರಡು ಮಟ್ಟ, ಒಂದು ದೇವರದು, ಇನ್ನೊಂದು ಪರದೆ ಬರೆದವನದು ಎಂದು ನಗುತ್ತಿದ್ದರು.

ಮದುವೆ ದಲ್ಲಾಳಿಗಳು ಅವರ ಮನೆಯ ಬೀದಿಯಲ್ಲಿ ಹೋಗುವುದನ್ನೇ ಬಿಟ್ಟರು. ಸ್ಟುಡಿಯೋದವನು ಎದುರು ಸಿಕ್ಕರೆ ಮುಖ ತಿರುಗಿಸುತ್ತಿದ್ದ. ಇವರು ಅದನ್ನು ಗೆಲುವು ಎಂದುಕೊಂಡಿದ್ದರು.

ಆ ಹೊತ್ತಿಗೆ ನನ್ನ ತಂಗಿ ಮಾದೇವಿಗೆ ಗಂಡು ನೋಡುತ್ತಿದ್ದೆವು. ನಮ್ಮದು ಮಧುವನಹಳ್ಳಿ, ನಾನು ಅಲ್ಲಿಂದಲೇ ಸೈಕಲ್ಲಿನಲ್ಲಿ ಸ್ಕೂಲಿಗೆ ಬರುತ್ತಿದ್ದೆ. ಅಪ್ಪ ಇರಲಿಲ್ಲ. ಯಳಂದೂರಿನಲ್ಲಿ ಒಂದು ಒಳ್ಳೆಯ ಮನೆ, ಹೊಲ ಗದ್ದೆ, ಹುಡುಗ ಸೊಸೈಟಿಯಲ್ಲಿ ಗುಮಾಸ್ತ. ಮಾದೇವಿಗೂ ಆ ಹುಡುಗನ ಫೋಟೋ ಹಿಡಿಸಿತ್ತು, ಅದನ್ನು ಹಾಸಿಗೆಯ ಕೆಳಗೆ ಬಚ್ಚಿಟ್ಟುಕೊಂಡು ನೋಡುತ್ತಿದ್ದಳೆಂದು ಅವ್ವ ನನಗೆ ಹೇಳಿದ್ದಳು. ಇವಳ ಫೋಟೋ ದಲ್ಲಾಳಿಯ ಕೈಯಲ್ಲಿ ಯಳಂದೂರಿಗೆ ಹೋಯಿತು. ಅವರು ಒಂದು ದಿನ ಹೇಳಿ ಬರುತ್ತೇವೆ ಎಂದವರು ಬರಲಿಲ್ಲ. ದಲ್ಲಾಳಿಯನ್ನು ಹಿಡಿದು ಕೇಳಿದಾಗ ಗೊತ್ತಾಯಿತು. ಗಂಡಿನ ಸೋದರಮಾವ ಫೋಟೋ ತೆಗೆದುಕೊಂಡು ನಮ್ಮ ಡ್ರಾಯಿಂಗ್ ಮೇಷ್ಟ್ರ ಹತ್ತಿರ ಬಂದಿದ್ದನಂತೆ. ಹುಡುಗಿ ಐದಡಿ ಏಳೂವರೆ ಇಂಚು ಎಂದು ಇವರು ಹೇಳಿದರಂತೆ. ಗಂಡು ಐದಡಿ ಐದು. ಆ ಮನೆಯ ಹಿರಿಯ ಸೊಸೆ ಆಗಲೇ ಗಂಡನಿಗಿಂತ ಎತ್ತರ ಇದ್ದು ಊರೆಲ್ಲ ಆಡಿಕೊಂಡಿತ್ತು, ಇನ್ನೊಂದು ಬೇಡ ಎಂದು ಗಂಡಿನ ತಾಯಿ ಹೇಳಿಬಿಟ್ಟಳು.

ನನ್ನ ತಂಗಿ ಐದಡಿ ಒಂದಿಂಚು.

ಮರುದಿನ ಸ್ಟಾಫ್ ರೂಮಿನಲ್ಲಿ ಅವರನ್ನು ಹಿಡಿದೆ. ಅದು ನನ್ನ ತಂಗಿಯ ಫೋಟೋ ಎಂದು ತಿಳಿದು ಅವರ ಮುಖ ಸಣ್ಣದಾಯಿತು, ಆದರೆ ಲೆಕ್ಕ ತಪ್ಪಿಲ್ಲ ಎಂದರು. ನೀವೇ ಬಂದು ನೋಡಿ ಎಂದೆ. ಪಾಕ್ಕಲಾಂ ಎಂದು ಅಂದು ಸಂಜೆಯೇ ಮಧುವನಹಳ್ಳಿಗೆ ನಡೆದು ಬಂದರು. ಮಾದೇವಿ ಮಜ್ಜಿಗೆ ತಂದುಕೊಟ್ಟು ಬಾಗಿಲುವಾಡದಲ್ಲಿ ನಿಂತಳು. ಇವರು ಬಲಗಣ್ಣು ಮುಚ್ಚಿದರು, ಕೈ ಚಾಚಿದರು, ಹೆಬ್ಬೆರಳು ಜಾರಿಸಿದರು. ಇನ್ನೊಂದು ಸಲ ಮಾಡಿದರು. ಮಜ್ಜಿಗೆ ಕುಡಿದು ಎದ್ದರು. ಕೆರೆ ಏರಿಯ ಹತ್ತಿರ ಬಂದಾಗ ನಿಂತು ನನ್ನ ಕಡೆ ತಿರುಗಿದರು.

"ಮೇಷ್ಟ್ರೆ, ಕೋಪ ಮಾಡ್ಕೋಬೇಡಿ. ಆ ಫೋಟೋದಲ್ಲಿರೋ ಹುಡುಗಿ ಇವಳಲ್ಲ."

ಮುಖ ಕಾಣುವುದಿಲ್ಲವೇ ನಿಮಗೆ ಎಂದೆ.

"ಮುಖ ಹೋಲುತ್ತೆ ಕಣ್ರಿ. ಅಕ್ಕತಂಗೀರಿಗೂ ಹೋಲುತ್ತೆ, ಚಿಕ್ಕಮ್ಮನ ಮಕ್ಕಳಿಗೂ ಹೋಲುತ್ತೆ. ಅಳತೆ ಹೋಲಲ್ಲ. ನಿಮ್ಮನೇಲಿ ಯಾರೋ ನಿಮಗೆ ಹೇಳದೆ ಬೇರೆ ಹುಡುಗೀನ ನಿಲ್ಸಿ ತೆಗ್ಸಿದಾರೆ."

ಒಂದು ಕಾಲದಲ್ಲಿ ಕಚೇರಿಯವರು ತಮ್ಮನ್ನು ಕೇಳಿದ ಪ್ರಶ್ನೆಯನ್ನೇ ಈ ಮನುಷ್ಯ ನನ್ನ ತಂಗಿಯ ಮೇಲೆ ಹಾಕುತ್ತಿದ್ದಾರೆ ಎಂದು ನನಗೆ ಮೈಯೆಲ್ಲ ಉರಿಯಿತು. ಅವರನ್ನು ಅಲ್ಲೇ ಬಿಟ್ಟು ಬಂದೆ. ಅವರು ಕತ್ತಲಲ್ಲಿ ಹೇಗೆ ಮನೆ ಸೇರಿದರೋ ಕೇಳಲೂ ಇಲ್ಲ. ಆದರೆ ಮಾತು ಏರಿಯ ಮೇಲೆ ನಿಲ್ಲಲಿಲ್ಲ. ಆ ಸೋದರಮಾವ ಸಂತೆಗೆ ಬಂದವನು ಇನ್ನೊಮ್ಮೆ ಖಾತ್ರಿ ಮಾಡಿಕೊಳ್ಳಲು ಇವರ ಮನೆಗೆ ಹೋದ. ಇವರು ಕಂಡದ್ದನ್ನು ಹೇಳಿಬಿಟ್ಟರು. ಮಧುವನಹಳ್ಳಿಯವರು ಒಬ್ಬಳ ಫೋಟೋ ತೋರಿಸಿ ಇನ್ನೊಬ್ಬಳನ್ನು ಕಟ್ಟುವವರು ಎಂಬ ಸುದ್ದಿ ಯಳಂದೂರಿನಿಂದ ಹನೂರಿನವರೆಗೆ ಬಸ್ಸಿಗಿಂತ ಬೇಗ ಹೋಯಿತು. ಇನ್ನು ಆ ಸಂಬಂಧವಿರಲಿ, ಮಾದೇವಿಗೆ ಯಾವ ಊರಿನಿಂದಲೂ ಗಂಡು ಬರುವ ಹಾಗಿರಲಿಲ್ಲ. ಮಾತಾಡುತ್ತಿದ್ದ ಇನ್ನೊಂದು ಮನೆಯವರೂ ಸುಮ್ಮನಾದರು.

ಅವ್ವ ಜಗಲಿಯ ಮೇಲೆ ಕೂತು ಬೀದಿಗೆಲ್ಲ ಕೇಳುವ ಹಾಗೆ ಅಂದಳು.

"ಅದ್ಯಾವನಪ್ಪ ಅವ್ನು, ನನ್ ಮಗಳ ಉದ್ದವ ಅಳೆಯಾಕೆ? ದಾರದಲ್ಲಿ ಅಳೆದು ಕತ್ತರುಸ್ಕೊಡಾಕೆ ಅವ್ಳೇನು ಬಟ್ಟೆಯಾ?"

ಅವ್ವನ ಅನುಮಾನ, ಹನೂರಿನಲ್ಲಿ ಮೇಷ್ಟ್ರ ನೆಂಟರ ಪೈಕಿ ಯಾವುದೋ ಹುಡುಗಿ ಇರಬೇಕು, ಅವಳನ್ನು ಯಳಂದೂರಿಗೆ ಕೊಡಲು ಈ ಹುನ್ನಾರ ಎಂದು. ನನ್ನ ಅನುಮಾನ ಅದಕ್ಕಿಂತ ಕೀಳಾಗಿತ್ತು, ಗಂಡಿನ ಕಡೆಯ ಯಾರೋ ಇವರ ಕೈ ಬೆಚ್ಚಗೆ ಮಾಡಿದ್ದಾರೆಂದು ಯೋಚಿಸಿದೆ. ಸ್ಟಾಫ್ ರೂಮಿನಲ್ಲಿ ಅವರು ಕಿಟಕಿಯ ಕಡೆ ಕೂತರೆ ನಾನು ಬಾಗಿಲ ಕಡೆ ಕೂರುತ್ತಿದ್ದೆ. ಅವರೂ ಮಾತಾಡಿಸಲಿಲ್ಲ. ಆದರೆ ಪಾಠ ಬಿಟ್ಟ ಮೇಲೆ ಬೋರ್ಡಿನ ಮೇಲೆ ಮತ್ತೆ ಮತ್ತೆ ಒಂದು ಕುರ್ಚಿ, ಅದರ ಪಕ್ಕದಲ್ಲಿ ಒಂದು ನಿಂತ ಗೆರೆ ಬರೆದು, ಅಳಿಸಿ, ಮತ್ತೆ ಬರೆಯುತ್ತಿದ್ದರು. ಆ ಗೆರೆ ನನ್ನ ತಂಗಿ.

ಮನೆಯಲ್ಲಿ ಎಲ್ಲರೂ ಮಾದೇವಿಯ ಉದ್ದದ ವಿಚಾರ ಮಾತಾಡಿದೆವು, ಅವಳನ್ನು ಮಾತ್ರ ಯಾರೂ ಕೇಳಲಿಲ್ಲ. ನೊಂದಾಳೆಂದು ಮುಚ್ಚಿಟ್ಟಿದ್ದೆವು. ಬಾವಿಯ ಹತ್ತಿರ ಹೆಂಗಸರು ಅವಳಿಗೆ ಎಲ್ಲವನ್ನೂ ಹೇಳಿಬಿಟ್ಟರು. ಅವಳು ಕೊಡ ಇಳಿಸಿ ಸೀದಾ ನನ್ನ ಹತ್ತಿರ ಬಂದಳು. ಅಳುತ್ತಾಳೆ ಎಂದುಕೊಂಡೆ. ಅತ್ತಿರಲಿಲ್ಲ.

"ಅಣ್ಣ, ಆ ಕುರ್ಚಿ ಮ್ಯಾಲೆ ನಾನು ಕುಂತಿದ್ದೆ ಕಣಣ್ಣ. ಕುಂತ್ರೆ ಮಂಡಿ ಮ್ಯಾಕೆದ್ಕತಿತ್ತು, ಮಕ್ಕಳ ಕುರ್ಚಿ ಇದ್ದಂಗೆ. ಸ್ಟುಡಿಯೋದವ್ನು ಗಾಬ್ರಿ ಬಿದ್ದು, ಕುಂತ್ಕಬ್ಯಾಡ, ನಿಂತ್ಕಳವ್ವ ಅಂತ ಎಬ್ಬುಸ್ಬುಟ್ಟ."

ಸೈಕಲ್ಲು ತೆಗೆದುಕೊಂಡು ಮೇಷ್ಟ್ರ ಮನೆಗೆ ಹೊರಟೆ. ಅವರ ಜೊತೆ ಮಾತಾಡಬಾರದೆಂದು ಮಾಡಿದ್ದ ಆಣೆ ದಾರಿಯಲ್ಲೇ ಎಲ್ಲೋ ಉದುರಿತು. ಮಾದೇವಿ ಹೇಳಿದ್ದನ್ನು ಹಾಗೇ ಹೇಳಿದೆ. ಅವರು ಪಾಕ್ಕಲಾಂ ಎನ್ನಲಿಲ್ಲ. ಕೋಟು ಹಾಕಿಕೊಂಡು, ಮಡಚುವ ಮರದ ಸ್ಕೇಲನ್ನು ಜೇಬಿಗಿಟ್ಟುಕೊಂಡು ನನಗಿಂತ ಮುಂದೆ ನಡೆದರು.

ಸ್ಟುಡಿಯೋದವನು ತಡೆಯುವಷ್ಟರಲ್ಲಿ ಮೇಷ್ಟ್ರು ಒಳಗೆ ಹೋಗಿ ಕುರ್ಚಿಯ ಮೇಲೆ ಕೂತಿದ್ದರು. ಕೂತರು, ಎದ್ದರು, ಮತ್ತೆ ಕೂತರು. ಅಷ್ಟು ಚಿಕ್ಕ ಮನುಷ್ಯರಿಗೂ ಮಂಡಿ ಮೇಲಕ್ಕೆ ಬಂದಿತ್ತು. ಸ್ಕೇಲು ಬಿಚ್ಚಿ ಅಳೆದರು. ಮೂರೂವರೆ ಅಡಿ ಇರಬೇಕಾದದ್ದು ನಾಲ್ಕಿಂಚು ಕಡಿಮೆ. ಅದೇ ಬೆತ್ತದ ಹೆಣಿಗೆ, ಅದೇ ಮರದ ಗುಂಡು, ಎಲ್ಲವೂ ಅದೇ ಪ್ರಮಾಣದಲ್ಲಿ ಕಿರಿದು. ಬಡಗಿಯ ಕೈಯಲ್ಲಿ ಹೇಳಿ ಮಾಡಿಸಿದ್ದು. ಹಳೆಯ ಕುರ್ಚಿ ಒಳಕೋಣೆಯಲ್ಲಿ ಕರಿಬಟ್ಟೆ ಹೊದ್ದು ಕೂತಿತ್ತು. ಕುರ್ಚಿ ಕುಗ್ಗಿದರೆ ಅದರ ಪಕ್ಕದ ಹುಡುಗಿ ಲೆಕ್ಕದಲ್ಲಿ ಬೆಳೆಯುತ್ತಾಳೆ. ಐದಡಿ ಒಂದಿಂಚಿನ ನನ್ನ ತಂಗಿ ಹೀಗೆ ಐದಡಿ ಏಳೂವರೆ ಆಗಿದ್ದಳು. ಜಗತ್ತಿನಲ್ಲಿ ಎಲ್ಲವನ್ನೂ ಅನುಮಾನಿಸಿದ ಮೇಷ್ಟ್ರು, ತಾವು ಒಮ್ಮೆ ಅಳೆದಿದ್ದ ಕುರ್ಚಿಯೊಂದನ್ನು ಅನುಮಾನಿಸಿರಲಿಲ್ಲ.

ನಾನು ಸ್ಟುಡಿಯೋದವನ ಕೊರಳಪಟ್ಟಿಗೆ ಕೈ ಹಾಕಿದ್ದೆ. ಅವನು ಬಿಡಿಸಿಕೊಳ್ಳಲಿಲ್ಲ. ನನ್ನನ್ನು ನೋಡಲೂ ಇಲ್ಲ, ಮೇಷ್ಟ್ರಿಗೆ ಹೇಳಿದ.

"ನೀವು ದಾರ ಇಡ್ಕಂಡು ಕುಂತ್ ಮ್ಯಾಲೆ ಗಿಡ್ಡ ಎಣ್ಮಕ್ಕಳು ನನ್ ಸ್ಟುಡಿಯೋ ಮೆಟ್ಲು ಅತ್ತೋದ್ನೇ ಬುಟ್ಬುಟ್ರು ಸಾ. ಎದುರ್ಗೆ ಬಂದ್ರಲ್ವಾ ಗಂಡಿನವ್ರಿಗೆ ಎಣ್ಣಿನ ಮಾತು ನಗು ಕಾಣೋದು? ನಿಮ್ ದಾರ ಅವ್ರ್‌ನ ಬಾಗ್ಲುಗಂಟ ಬರಾಕೇ ಬುಡ್ತಿರ್ಲಿಲ್ಲ. ನೀವು ಅಳೆದ್ರಿ, ನಾನು ಕುರ್ಚಿ ಮಾಡುಸ್ದೆ."

ನಾನು ಕೈ ಸಡಿಲಿಸಿದೆ. ಮೇಷ್ಟ್ರು ಆ ಗಿಡ್ಡ ಕುರ್ಚಿಯ ಮೇಲೆ ಮತ್ತೆ ಕೂತು ಒಂದೊಂದೇ ಬೆರಳು ಮಡಚುತ್ತಿದ್ದರು. ಎಷ್ಟು ಮನೆಯವರು ಅವರ ಅಳತೆ ಕೇಳಿಕೊಂಡು ಹೋಗಿ ಸುಮ್ಮನಾದರೋ ಲೆಕ್ಕ ಹಾಕುತ್ತಿದ್ದರೆಂದು ಕಾಣುತ್ತದೆ. ಆಮೇಲೆ ಎದ್ದು ಕೋಟಿನ ಗುಂಡಿ ಹಾಕಿಕೊಂಡರು. ಮರದ ಗುಂಡಿನ ಮೇಲೆ ಕೈ ಇಟ್ಟು, ಹೆಣ್ಣುಮಕ್ಕಳು ನಿಲ್ಲುವ ಜಾಗದಲ್ಲಿ ನಿಂತರು.

"ನಂದೊಂದು ತೆಗಿಯಪ್ಪ" ಎಂದರು.

ಸ್ಟುಡಿಯೋದವನು ಅವರನ್ನು ನೋಡಿದ, ನನ್ನನ್ನು ನೋಡಿದ. ಮತ್ತೇನೋ ಬಲೆ ಇದೆ ಎಂದು ಅವನಿಗೂ ಸಂಶಯ. ಕೊನೆಗೆ ಕರಿಬಟ್ಟೆಯೊಳಗೆ ತಲೆ ತೂರಿಸಿದ. ಕ್ಯಾಮೆರಾದ ಮುಂದೆ ನಿಂತ ಮೇಷ್ಟ್ರ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು. ಅವರಿಗೆ ಭಯವಾಗುತ್ತಿದೆ ಎಂದು ನನಗೆ ಆಗ ಕಂಡಿತು, ಅಲ್ಲಿಯವರೆಗೆ ಅವರ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು.

ಫೋಟೋ ಕೈಗೆ ಬಂದ ದಿನವೇ ಯಳಂದೂರು ಬಸ್ಸು ಹತ್ತಿದರು. ನಾನೂ ಬರುತ್ತೇನೆ ಎಂದರೆ ಬೇಡ, ನೀವು ಬಂದರೆ ನಾನು ನಿಮ್ಮ ಕಡೆಯ ಸಾಕ್ಷಿ ಆಗುತ್ತೇನೆ ಎಂದರು. ಅಲ್ಲಿ ನಡೆದದ್ದನ್ನು ಈಗ ನನ್ನ ತಂಗಿಯ ಗಂಡನಾಗಿರುವ ಆ ಹುಡುಗನೇ ಎಷ್ಟೋ ಸಲ ಹೇಳಿದ್ದಾನೆ. ಇವರು ಹೋಗಿ ಜಗಲಿಯ ಮೇಲೆ ಹಲಗೆ ಇಟ್ಟು, ತಮ್ಮದೇ ಫೋಟೋವನ್ನು ಚುಚ್ಚಿ, ಆ ಸೋದರಮಾವನ ಕೈಯಲ್ಲೇ ದಾರ ಎಳೆಸಿದರಂತೆ. ಲೆಕ್ಕ ಬಂದದ್ದು ಐದಡಿ ಎಂಟೂವರೆ. ಆಮೇಲೆ ಎದ್ದು ಗೋಡೆಗೆ ಬೆನ್ನು ಕೊಟ್ಟು ನಿಂತು, ನನ್ನನ್ನು ಅಳೆಯಿರಿ ಎಂದರಂತೆ. ಐದಡಿ ಎರಡು. ಮನೆಯವರೆಲ್ಲ ಫೋಟೋ ನೋಡಿದರು, ಗೋಡೆ ಹತ್ತಿರ ನಿಂತವರನ್ನು ನೋಡಿದರು. ಈ ಫೋಟೋದಲ್ಲಿರೋನು ನಾನಲ್ಲ ಅಂತೀರಾ, ಆ ಹುಡುಗೀನ ನಾನು ಹಾಗಂದಿದ್ದೆ, ತಪ್ಪು ನಂದು ಎಂದರಂತೆ.

ಗಂಡಿನ ತಾಯಿ ಅಷ್ಟು ಸುಲಭಕ್ಕೆ ಬಗ್ಗುವವಳಲ್ಲ.

"ನಿಮ್ಮುನ್ನ ಎಣ್ಣಿನ ಕಡೆಯವ್ರು ಕಳ್ಸುದ್ರಾ?" ಎಂದು ಕೇಳಿದಳಂತೆ. ಇಲ್ಲವೆಂದರೆ ಅವಳಿಗೆ ನಂಬಿಕೆಯಿಲ್ಲ. ಅವತ್ತೊಂದು ಹೇಳಿದಿರಿ, ಇವತ್ತೊಂದು ಹೇಳುತ್ತೀರಿ, ನಾಳೆ ಏನು ಹೇಳುತ್ತೀರೋ ಎಂದು ಜಾಡಿಸಿದಳಂತೆ. ಮೇಷ್ಟ್ರು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡರಂತೆ. ಕೊನೆಗೆ ಅವಳು ಸೆರಗು ಬಿಗಿದು ಎದ್ದಳು.

"ಫೋಟೋನೂ ಬ್ಯಾಡ, ನಿಮ್ ದಾರವೂ ಬ್ಯಾಡ. ನಾನೇ ಓಗಿ ಆ ಎಣ್ಣ ಪಕ್ಕದಲ್ಲಿ ನಿಂತ್ಕಂಡು ನೋಡ್ಕಬತ್ತೀನಿ."

ಬಂದಳು, ನಿಂತಳು, ನೋಡಿದಳು. ಒಪ್ಪಿದಳು. ಆದರೆ ಈಗ ನನ್ನ ತಂಗಿ ಪಟ್ಟು ಹಿಡಿದಳು. ನನ್ನನ್ನು ಎಲ್ಲರೂ ಅಳೆದಾಯಿತು, ಅವರ ಅಳತೆ ಯಾರು ತೆಗೆದುಕೊಂಡರು ಎಂದು ಕೇಳಿದಳು. ಹಾಗಾಗಿ ಹುಡುಗ ಬಂದ ದಿನ ನಮ್ಮ ಬಾಗಿಲುವಾಡಕ್ಕೆ ಬೆನ್ನು ಕೊಟ್ಟು ನಿಲ್ಲಬೇಕಾಯಿತು, ಮಾದೇವಿಯೇ ಹೇಳಿಕಳಿಸಿದ್ದರಿಂದ ಮೇಷ್ಟ್ರು ಸ್ಕೇಲು ಬಿಚ್ಚಿದರು. ಐದಡಿ ಐದು ಎಂದು ಅವರ ಮನೆಯವರು ಹೇಳಿದ್ದರಲ್ಲ, ನಾಲ್ಕೇ ಇತ್ತು. ಚಪ್ಪಲಿ ಬುಟ್ಟವ್ನೆ ಅದ್ಕೆ ಎಂದಳು ಅವನ ತಾಯಿ. ಮಾದೇವಿ ಒಳಗಿನಿಂದ ನಕ್ಕದ್ದು ನಮಗೆಲ್ಲ ಕೇಳಿಸಿತು. ಹುಡುಗನೂ ನಕ್ಕ. ಸಂಬಂಧ ಕುದುರಿದ್ದು ನಿಜವಾಗಿ ಆಗ ಎಂದು ನನ್ನ ಎಣಿಕೆ.

ಮದುವೆಗೆ ಮೇಷ್ಟ್ರು ಎರಡು ವಸ್ತು ಉಡುಗೊರೆ ತಂದರು. ಒಂದು ಆ ಫೋಟೋ, ಇನ್ನೊಂದು ಸ್ಟುಡಿಯೋದವನಿಂದ ಕೇಳಿ ತಂದ ಆ ಗಿಡ್ಡ ಕುರ್ಚಿ. ಮಕ್ಕಳಾದರೆ ಕೂರಲಿ, ಫೋಟೋನ ಮಾತ್ರ ನಂಬಬೇಡಮ್ಮ ಎಂದರು. ಆಮೇಲೆ ಅವರು ಯಾರ ಫೋಟೋಕ್ಕೂ ದಾರ ಎಳೆಯಲಿಲ್ಲ. ಯಾರಾದರೂ ಫೋಟೋ ಹಿಡಿದು ಬಂದರೆ, ಹುಡುಗಿ ಮನೆಗೆ ಹೋಗಿ ಒಂದು ಲೋಟ ಮಜ್ಜಿಗೆ ಕುಡಿದು ಬನ್ನಿ ಎನ್ನುತ್ತಿದ್ದರು. ಪೆನ್ಸಿಲ್ಲು ಚಾಚುವುದನ್ನು ಬಿಟ್ಟರೆಂದಲ್ಲ. ರಿಟೈರಾಗಿ ಹನೂರಿಗೆ ಹೋಗುವ ದಿನವೂ ಬಸ್ಸಿನ ಕಿಟಕಿಯಿಂದ ನನ್ನನ್ನು ಅಳೆದು, ನೀವು ಕುಗ್ಗಿದ್ದೀರಿ ಮೇಷ್ಟ್ರೆ ಎಂದರು. ಅವ್ವನಿಗೆ ಮಾತ್ರ ಸಾಯುವವರೆಗೂ ಅವರ ಮೇಲೆ ಸಂಶಯ ಹೋಗಲಿಲ್ಲ. ಅವರು ಬಂದು ಹೋದರೆ ಹಿತ್ತಾಳೆ ಲೋಟಗಳನ್ನು ಒಮ್ಮೆ ನೋಡಿಕೊಳ್ಳುತ್ತಿದ್ದಳು.

ಸಂತಾಪ ಸಭೆಯ ದಿನ ಹೆಡ್ಮಾಸ್ಟರು ಫೋಟೋವನ್ನು ಮೇಜಿನ ಮೇಲೆ ಇಟ್ಟು ಹಾರ ಹಾಕಿಸಿದ್ದರು. ಸಭೆಯಲ್ಲಿ ಕೂತಿದ್ದವರಲ್ಲಿ ಅವರನ್ನು ಕಂಡವರು ನಾಲ್ಕಾರು ಜನ. ಫೋಟೋದಲ್ಲಿ ಅವರು ಕುರ್ಚಿಯ ಮೇಲೆ ಕೈ ಇಟ್ಟು, ಅರಮನೆಯ ಮೆಟ್ಟಿಲ ಮುಂದೆ ದೊರೆಯ ಹಾಗೆ ನಿಂತಿದ್ದರು. ಹೆಡ್ಮಾಸ್ಟರು ಅದನ್ನು ನೋಡಿಕೊಂಡೇ ಭಾಷಣ ಮಾಡಿದರು. ಅವರು ಆಜಾನುಬಾಹು ವ್ಯಕ್ತಿ, ಅವರು ನಡೆದು ಬಂದರೆ ಹುಡುಗರು ನಡುಗುತ್ತಿದ್ದರು ಎಂದರು. ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ. ಅಷ್ಟರಲ್ಲಿ ಹಿಂದಿನ ಬಾಗಿಲಲ್ಲಿ ಸದ್ದಾಯಿತು.

ಮಾದೇವಿ ಬಂದಿದ್ದಳು. ಫೋಟೋವನ್ನು ಮುಂಚೆಯೇ ಕಳಿಸಿದ್ದವಳು ಅವತ್ತು ಬರುತ್ತೇನೆಂದು ಹೇಳಿರಲಿಲ್ಲ. ಸೊಂಟದ ಮೇಲೆ ಆ ಕುರ್ಚಿ. ಯಳಂದೂರಿನಿಂದ ಬಸ್ಸಿನ ಮೇಲೆ ಹಾಕಿಸಿಕೊಂಡು ತಂದಿದ್ದಳು. ಬೆತ್ತ ಹರಿದು, ಮರದ ಗುಂಡಿನ ಬಣ್ಣ ಮಕ್ಕಳ ಕೈಗೆ ಸವೆದಿತ್ತು. ಹುಡುಗರ ಸಾಲಿನ ನಡುವೆ ನಡೆದು ಬಂದು ಅದನ್ನು ಮೇಜಿನ ಮಗ್ಗುಲಲ್ಲಿ ಇಟ್ಟಳು. ಹೆಡ್ಮಾಸ್ಟರು ಮಾತು ನಿಲ್ಲಿಸಿದರು.

"ಫೋಟೋದಲ್ಲಿರೋ ಕುರ್ಚಿ ಇದೇಯಾ ಸಾ. ಮೇಷ್ಟ್ರು ನನ್ನಷ್ಟೇ ಇದ್ರು. ಅವ್ರು ಸುಳ್ಳು ಒಪ್ತಿರ್ಲಿಲ್ಲ, ಅದ್ಕೆ ತಂದೆ."

ಹಾಗೆ ಹೇಳಿ, ಎಲ್ಲರೂ ನೋಡಲಿ ಎಂದು ಕುರ್ಚಿಯ ಗುಂಡಿನ ಮೇಲೆ ಕೈ ಇಟ್ಟು ನಿಂತುಕೊಂಡಳು. ಫೋಟೋದಲ್ಲಿ ಅವರು ನಿಂತ ಹಾಗೆಯೇ, ಬಹಳ ಹಿಂದೆ ಅವಳೇ ನಿಂತ ಹಾಗೆಯೇ. ಹುಡುಗರು ಒಮ್ಮೆ ಅವಳನ್ನು, ಒಮ್ಮೆ ಫೋಟೋವನ್ನು ನೋಡಿದರು. ನನ್ನ ಕೈ ತಾನಾಗಿ ಜೇಬಿನ ಪೆನ್ಸಿಲ್ಲಿಗೆ ಹೋಯಿತು. ಕೈ ಚಾಚಿ ಬಲಗಣ್ಣು ಮುಚ್ಚಿದೆ. ತೆರೆದಿದ್ದ ಎಡಗಣ್ಣಿನಲ್ಲಿ ನೀರು ತುಂಬಿಕೊಂಡಿತ್ತು, ಅಳತೆ ಸಿಗಲಿಲ್ಲ.